ಚೀಟಿ ಯಾರ ಪುಸ್ತಕದಲ್ಲಿತ್ತು?

ಮಿಲ್ ರಿಡ್ಜ್, ಪೆನ್ಸಿಲ್ವೇನಿಯಾ
೨೯ ಸೆಪ್ಟೆಂಬರ್ ೧೯೯೭

ಪ್ರೀತಿಯ ತಮ್ಮಾ ಇರ್ವಿನ್,

ಸೇಬಿನ ಜಾಮ್ ಕುದಿಸುತ್ತಾ ಬರೆಯುತ್ತಿದ್ದೇನೆ. ಕಾಗದ ಅಂಟಂಟಾಗಿದ್ದರೆ ನೆಕ್ಕಿ ನೋಡು, ಊರಿನ ನೆನಪಾದೀತು. ಫೋನ್ ಮಾಡಬಹುದಿತ್ತು, ಆದರೆ ಅಪ್ಪನ ಪ್ರಕಾರ ಫೋನ್ ಇರುವುದು ಸಾವಿನ ಸುದ್ದಿಗೆ ಮತ್ತು ದನದ ಡಾಕ್ಟರಿಗೆ.

ಎರಡು ವಿಷಯ. ಮೊದಲನೆಯದು, ನಮ್ಮ ಮೆನೊನೈಟ್ ಚರ್ಚಿನ ವಾರಪತ್ರಿಕೆಯಲ್ಲಿ ನೀನು ಬರೆದ ಲೇಖನ ಇಲ್ಲಿಗೂ ಬಂತು. ಅಪ್ಪ ಕಿಟಕಿಯ ಪಕ್ಕ ಕೂತು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಹೊರಗೆ ಹೋಗಿ, ಯಾರೂ ಕೇಳದೆ ಇದ್ದರೂ ಒಂದು ರಾಶಿ ಸೌದೆ ಒಡೆದು ಬಂದರು. ನಾಳೆ ನಾವು ಏನನ್ನು ಆರಿಸಿಕೊಳ್ಳುತ್ತೇವೆ ಎಂಬುದು ದೇವರಿಗೂ ಇವತ್ತು ಗೊತ್ತಿಲ್ಲ ಅಂತ ನೀನು ಹೇಳುತ್ತೀ, ಅಲ್ಲವೇ? ನನಗೆ ಅರ್ಥವಾದದ್ದು ಅಷ್ಟು. ಕಾಲೇಜಿನಲ್ಲಿ ಬೈಬಲ್ ಕಲಿಸುವವನಿಗೆ ಇನ್ನೂ ಜಾಸ್ತಿ ಅರ್ಥವಾಗಿರಬೇಕು.

ಎರಡನೆಯದು. ಭಾನುವಾರದ ಉಪದೇಶ ಮಾಡುತ್ತಿದ್ದ ಪ್ರಸಂಗಿ ಹೆಸ್ ತೀರಿಕೊಂಡ ಮೇಲೆ ಆ ಜಾಗ ಖಾಲಿ ಉಳಿದಿತ್ತು. ಹೋದ ಭಾನುವಾರ ನಾವೆಲ್ಲ ಒಬ್ಬೊಬ್ಬರಾಗಿ ಹಿಂದಿನ ಕೋಣೆಗೆ ಹೋಗಿ, ಬಿಷಪ್ ಲ್ಯಾಂಡಿಸರ ಕಿವಿಯಲ್ಲಿ ಒಂದೊಂದು ಹೆಸರು ಹೇಳಿ ಬಂದೆವು. ಏಳು ಹೆಸರು ನಿಂತವು. ಅದರಲ್ಲಿ ನನ್ನ ಗಂಡ ಕ್ಲೇರ್‌ನದೂ ಒಂದು. ಇನ್ನು ಏಳು ಹಾಡಿನ ಪುಸ್ತಕ, ಒಂದರೊಳಗೆ ಚೀಟಿ. ಸಭಾಸೇವಕರಾದ ಅಪ್ಪ ಎಂದಿನಂತೆ ಚೀಟಿ ಇಡುತ್ತಾರೆ, ಬಿಷಪ್ ಪುಸ್ತಕಗಳನ್ನು ಕಲಸಿ ಮೇಜಿನ ಮೇಲೆ ನಿಲ್ಲಿಸುತ್ತಾರೆ, ಏಳು ಮಂದಿ ಒಂದೊಂದನ್ನು ಎತ್ತಿಕೊಳ್ಳುತ್ತಾರೆ. ಚೀಟಿ ಸಿಕ್ಕವನು ಸಾಯುವವರೆಗೆ ಪ್ರಸಂಗಿ. ಸಂಬಳವಿಲ್ಲ, ರಜೆಯಿಲ್ಲ, ಒಲ್ಲೆ ಅನ್ನುವ ಹಾಗಿಲ್ಲ.

ಈಗ ಹೇಳು. ಕ್ಲೇರ್‌ನ ಕೈ ಯಾವ ಪುಸ್ತಕಕ್ಕೆ ಹೋಗುತ್ತದೆಂದು ದೇವರಿಗೆ ಗೊತ್ತಿಲ್ಲದಿದ್ದರೆ, ಆರಿಸುವವರು ಯಾರು?

ನಿನ್ನ ಅಕ್ಕ,
ಎಲ್ಟಾ


ಎಲ್ಮ್ ಗ್ರೋವ್, ಇಂಡಿಯಾನಾ
೬ ಅಕ್ಟೋಬರ್ ೧೯೯೭

ಪ್ರೀತಿಯ ಅಕ್ಕಾ,

ನೀನು ಕೇಳಿದ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ಕೇಳಿದ್ದರೆ ಎರಡು ತಾಸು ಮಾತಾಡುತ್ತಿದ್ದೆ. ನಿನಗಾಗಿ ಚಿಕ್ಕದಾಗಿ ಹೇಳುತ್ತೇನೆ.

ದೇವರಿಗೆ ತಿಳಿಯದ್ದು ಯಾವುದೂ ಇಲ್ಲ ಎಂದೇ ನಾನೂ ನಂಬುತ್ತೇನೆ. ಆದರೆ ಇನ್ನೂ ಕರೆಯದ ಹಾಲನ್ನು ತೂಗಲು ಬರುತ್ತದೆಯೇ? ನಾಳೆ ಮನುಷ್ಯ ಮನಸ್ಸಾರೆ ಮಾಡುವ ಆಯ್ಕೆ ಇವತ್ತು ಇಲ್ಲವೇ ಇಲ್ಲ. ಇಲ್ಲದ್ದನ್ನು ಇದೆ ಎಂದು ತಿಳಿಯುವುದು ಜ್ಞಾನವಲ್ಲ. ಬೈಬಲಿನಲ್ಲೇ ನೋಡು, ಪ್ರವಾದಿ ಯೋನನ ಬಾಯಲ್ಲಿ ನಿನೆವೆ ಪಟ್ಟಣ ಹಾಳಾಗುತ್ತದೆಂದು ಸಾರಿಸಿದ ದೇವರು ಜನ ಅತ್ತಾಗ ಮನಸ್ಸು ಬದಲಿಸಿದ. ಸಾಯುತ್ತೀ ಎಂದು ಹಿಜ್ಕೀಯ ರಾಜನಿಗೆ ಹೇಳಿ ಕಳಿಸಿದವನು ಅವನ ಕಣ್ಣೀರು ನೋಡಿ ಆಯಸ್ಸು ಕೊಟ್ಟ. ಇದೆಲ್ಲ ಮೊದಲೇ ಬರೆದಿಟ್ಟ ನಾಟಕವಾಗಿದ್ದರೆ ನಾವು ಪ್ರಾರ್ಥಿಸುವುದು ಯಾತಕ್ಕೆ? ನಮ್ಮ ದೇವರು ಕಿವಿಗೊಡುವ ದೇವರು. ನಾನು ಬರೆದದ್ದರ ತಿರುಳು ಇಷ್ಟೇ.

ಚೀಟಿಯ ವಿಷಯ ಬೇರೆ. ಅವನು ಬೇಕೆಂದರೆ ಒಂದು ಕೈಯನ್ನು ನಡೆಸಬಲ್ಲ. ಪ್ರತಿ ಸಲವೂ ನಡೆಸುತ್ತಾನೆಯೇ ಎಂಬುದು ನನಗೆ ಅನುಮಾನ. ಅಪ್ಪನ ಮುಂದೆ ಇದನ್ನು ಓದಬೇಡ.

ಪಾಪ ಕ್ಲೇರ್. ನಾಲ್ಕು ಜನರೆದುರು ಊಟದ ಪ್ರಾರ್ಥನೆ ಹೇಳುವುದಕ್ಕೂ ತಡವರಿಸುವವನು. ಗಾಬರಿಯಾಗಿರಬೇಕು.

ಇರ್ವಿನ್


ಮಿಲ್ ರಿಡ್ಜ್
೧೪ ಅಕ್ಟೋಬರ್ ೧೯೯೭

ತಮ್ಮಾ,

ಹಾಗಾದರೆ ಪೇತ್ರನ ಕೋಳಿ? ಕೋಳಿ ಕೂಗುವ ಮೊದಲು ಮೂರು ಸಲ ನನ್ನನ್ನು ಅರಿಯೆ ಅನ್ನುತ್ತೀ ಎಂದು ಯೇಸು ತನ್ನ ಶಿಷ್ಯನಿಗೆ ಲೆಕ್ಕ ಸಮೇತ ಹೇಳಿದ್ದ. ಪೇತ್ರನನ್ನು ಬಲ್ಲವನಿಗೆ ಪೇತ್ರ ಏನು ಮಾಡುತ್ತಾನೆಂದು ಗೊತ್ತಿರುತ್ತದೆ ಅಂತ ನೀನು ಬರೆಯುವೆ ಎಂದು ನನಗೆ ಗೊತ್ತು. ನೋಡು, ನಿನ್ನ ವಿಷಯದಲ್ಲಿ ನಾನೂ ಸರ್ವಜ್ಞೆ.

ಕ್ಲೇರ್ ಸರಿಯಾಗಿ ಉಣ್ಣುತ್ತಿಲ್ಲ. ಹಾಲು ಕರೆಯುವಾಗ ಹಸುಗಳ ನಡುವೆ ಏನೇನೋ ಗೊಣಗಿಕೊಳ್ಳುತ್ತಾನೆ. ನಾನು ಹೋದರೆ ನಿಲ್ಲಿಸುತ್ತಾನೆ. ಹೆದರಿದ್ದಾನೆ ಅಂತ ಕಾಣುತ್ತದೆ. ಕೇಳುವ ಹಾಗೂ ಇಲ್ಲ. ನಮ್ಮವರ ರೀತಿ ನಿನಗೆ ಗೊತ್ತಲ್ಲ: ಆ ಕೆಲಸ ಬೇಕು ಅಂದರೆ ಅಹಂಕಾರ, ಬೇಡ ಅಂದರೆ ಅವಿಧೇಯತೆ. ಹಾಗಾಗಿ ಏಳು ಮಂದಿಯೂ ಬಾಯಿ ಹೊಲಿದುಕೊಂಡು ಓಡಾಡುತ್ತಿದ್ದಾರೆ, ಅವರ ಹೆಂಡತಿಯರಾದ ನಾವು ಅಗತ್ಯಕ್ಕಿಂತ ಜಾಸ್ತಿ ರೊಟ್ಟಿ ಸುಡುತ್ತಿದ್ದೇವೆ. ಹಿಟ್ಟಿನ ಗಿರಣಿಯ ಹಾರ್ಲನ್ ಗ್ರಾಫ್‌ನ ಹೆಸರೂ ಏಳರಲ್ಲಿದೆ. ಅವನೊಬ್ಬನೇ ಇನ್ನೂ ನಗೆಚಾಟಿಕೆ ಮಾಡುತ್ತಿರುವುದು.

ನನ್ನ ಬಗ್ಗೆ ನೀನು ಕೇಳಲಿಲ್ಲ. ನಾನೂ ಹೇಳುವುದಿಲ್ಲ.

ಎಲ್ಟಾ


ಮಿಲ್ ರಿಡ್ಜ್
೨೭ ಅಕ್ಟೋಬರ್ ೧೯೯೭

ಪ್ರೀತಿಯ ಇರ್ವಿನ್,

ನಿನ್ನೆ ಆದದ್ದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಈ ಕಣಿವೆಯಲ್ಲಿ ಇಂಥದ್ದು ಆದದ್ದನ್ನು ಯಾರೂ ಕೇಳಿಲ್ಲ.

ಏಳು ಮಂದಿ ವಯಸ್ಸಿನ ಪ್ರಕಾರ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಹಿರಿಯರು ಮೊದಲು ಹೋಗಿ ಪುಸ್ತಕ ಎತ್ತಿಕೊಂಡರು. ಕ್ಲೇರ್ ಎಲ್ಲರಿಗಿಂತ ಕಿರಿಯ, ಅವನಿಗೆ ಉಳಿದದ್ದೊಂದೇ. ಬಿಷಪ್ ಒಂದೊಂದಾಗಿ ಪುಸ್ತಕಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಬಿಚ್ಚಿ ತೆರೆಯುತ್ತಾ ಬಂದರು. ಮೊದಲನೆಯದರಲ್ಲಿ ಇಲ್ಲ. ಹಾರ್ಲನ್‌ನದರಲ್ಲಿ ಇಲ್ಲ. ಆರನೆಯದರಲ್ಲೂ ಇಲ್ಲ. ಅಲ್ಲಿಗೆ ಮುಗಿಯಿತಲ್ಲ, ಇಡೀ ಸಭೆ ಕ್ಲೇರ್ ಕಡೆ ತಿರುಗಿತು. ಅವನು ಆಗಲೇ ಅರ್ಧ ಎದ್ದು ನಿಂತಿದ್ದ. ನಾನು ಅವನ ಮುಖ ನೋಡಲಿಲ್ಲ, ನನ್ನ ಬೂಟಿನ ದಾರ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹಾರ್ಲನ್‌ನ ಹೆಂಡತಿ ವರ್ನಾ ನನ್ನ ಕೈ ಹಿಡಿದುಕೊಂಡಳು.

ಬಿಷಪ್ ಏಳನೆಯದನ್ನು ತೆರೆದರು. ಹಾಳೆ ತಿರುವಿದರು, ಮತ್ತೆ ತಿರುವಿದರು. ಕೊನೆಗೆ ಪುಸ್ತಕವನ್ನು ತಲೆಕೆಳಗು ಮಾಡಿ ಕೊಡವಿದರು. ಅದರಲ್ಲೂ ಇಲ್ಲ.

ಅಪ್ಪ ಎದ್ದರು. "ಇಟ್ಟಿದ್ದೆ ನಾನು. ನನ್ನ ಕೈಯಾರೆ ಇಟ್ಟಿದ್ದೆ," ಅಂದರು. ಬಿಷಪ್ ಸುಮ್ಮನೆ ತಲೆಯಾಡಿಸಿ ಒಂದು ಹಾಡು ಹಿಡಿದರು. ಹಾಡಿ, ಮನೆಗೆ ಬಂದೆವು.

ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ದೇವರಿಗೆ ಈ ಏಳು ಮಂದಿಯಲ್ಲಿ ಯಾರೂ ಬೇಡವಾಗಿದ್ದಾರೆ ಅಂತ ಕೆಲವರು. ಅಪ್ಪ ಮರೆತರು ಅಂತ ಕೆಲವರು, ನಾನು ಹತ್ತಿರ ಹೋದರೆ ಹವಾಮಾನದ ಮಾತಿಗೆ ಇಳಿಯುತ್ತಾರೆ. ಮತ್ತೆ ಚೀಟಿ ಹಾಕುವುದು ಹೊಸ ವರ್ಷದ ಮೇಲೆ ಅಂತ ಬಿಷಪ್ ಹೇಳಿದ್ದಾರೆ. ಅಪ್ಪ ನಿನ್ನೆಯಿಂದ ಸೌದೆ ಒಡೆಯುತ್ತಿದ್ದಾರೆ. ಕ್ಲೇರ್ ಕೊಟ್ಟಿಗೆ ಬಿಟ್ಟು ಬರುತ್ತಿಲ್ಲ.

ಎಲ್ಟಾ


ಎಲ್ಮ್ ಗ್ರೋವ್
೩ ನವೆಂಬರ್ ೧೯೯೭

ಅಕ್ಕಾ,

ನಿನ್ನ ಕಾಗದವನ್ನು ಊಟದ ಮನೆಯಲ್ಲಿ ನಿಂತೇ ಓದಿದೆ, ಸೂಪು ಆರಿಹೋಯಿತು. ಅಪ್ಪನಿಗೆ ಹೇಳು, ತಪ್ಪು ಯಾರಿಗಾದರೂ ಆಗುತ್ತದೆ. ಅವರು ನೊಂದುಕೊಳ್ಳುವಂಥದ್ದು ಏನೂ ಇಲ್ಲ.

ಆದರೆ ಅಕ್ಕಾ, ನಿನ್ನ ಪ್ರಶ್ನೆಗೆ ನಾನು ಪುಟಗಟ್ಟಲೆ ಬರೆದರೂ ಕೊಡಲಾಗದ ಉತ್ತರ ಇದರಲ್ಲಿದೆ. ಏಳು ಪುಸ್ತಕ, ಚೀಟಿಯಿಲ್ಲ! ಒಬ್ಬ ಮುದುಕನ ಮರೆವಿಗೂ ದೇವರು ಜಾಗ ಬಿಟ್ಟಿದ್ದಾನೆ. ಲೋಕವನ್ನು ಅಷ್ಟರ ಮಟ್ಟಿಗೆ ನಮ್ಮ ಕೈಗೆ ಕೊಟ್ಟಿದ್ದಾನೆ. ಎಲ್ಲವೂ ಮೊದಲೇ ನಿರ್ಧಾರವಾಗಿದೆ ಎನ್ನುವವರು ಈ ಖಾಲಿ ಪುಸ್ತಕಗಳಿಗೆ ಏನು ಹೇಳುತ್ತಾರೆ? ಈ ವಾರವೆಲ್ಲ ಅದೇ ಯೋಚನೆ. ಶುಕ್ರವಾರ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಮಾತಾಡುವ ಸರದಿ ನನ್ನದು, ತಯಾರಿ ನಡೆದಿದೆ.

ಕ್ಲೇರ್‌ಗೆ ಅಭಿನಂದನೆ ಹೇಳು, ಕೂದಲೆಳೆಯಲ್ಲಿ ಪಾರಾದದ್ದಕ್ಕೆ.

ಇರ್ವಿನ್


ಮಿಲ್ ರಿಡ್ಜ್
೧೨ ನವೆಂಬರ್ ೧೯೯೭

ತಮ್ಮಾ,

ಚೀಟಿ ಸಿಕ್ಕಿತು. ಅಪ್ಪನ ಹಾಡಿನ ಪುಸ್ತಕದಲ್ಲಿ.

ಭಾನುವಾರ ಅಪರೂಪಕ್ಕೆ ಹಾಡುವ ಒಂದು ಹಾಡಿಗೆ ಪುಸ್ತಕ ತೆರೆದರಲ್ಲ, ಆ ಪುಟದಲ್ಲೇ ಇತ್ತು. ಹಿಂದಿನ ಕೋಣೆಯಲ್ಲಿ ಅವತ್ತು ತಮ್ಮ ಪುಸ್ತಕವನ್ನೂ ಆ ಏಳರ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಅದರೊಳಗೇ ಚೀಟಿ ಇಟ್ಟು, ಅದನ್ನೇ ಕಂಕುಳಲ್ಲಿ ಹಿಡಿದುಕೊಂಡು ಬಂದು ಕೂತಿದ್ದರು. ಎದ್ದು ನಿಂತು ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಬಚ್ಚಿಡಬಹುದಿತ್ತು, ಆದರೆ ಅಪ್ಪ ಅಲ್ಲವೇ. ಹಾರ್ಲನ್ ಆಮೇಲೆ ಅಂಗಳದಲ್ಲಿ, "ದೇವರು ಎಪ್ಪತ್ತೆಂಟು ವರ್ಷದ ಪ್ರಸಂಗೀನ ಆರಿಸಿದಾನೆ, ನಾವ್ಯಾರು ಬೇಡ ಅನ್ನೋಕೆ?" ಅಂದ. ಜನ ನಕ್ಕರು. ಅಪ್ಪನೂ ನಕ್ಕರು. ಮನೆಗೆ ಬಂದು ಕೋಟು ಬಿಚ್ಚದೆ ಮಧ್ಯಾಹ್ನದವರೆಗೂ ಹಾಗೇ ಕೂತಿದ್ದರು.

ನಿನಗೆ ಹೇಳದೆ ಇಟ್ಟುಕೊಂಡಿದ್ದೆ, ಈಗ ಹೇಳಬೇಕು. ಇದು ಮೊದಲ ಸಲ ಅಲ್ಲ. ಬೇಸಿಗೆಯಿಂದ ನನ್ನನ್ನು ಅಮ್ಮನ ಹೆಸರಿನಿಂದ ಕರೆಯುತ್ತಾರೆ. ಕುದುರೆ ಮಾರಿ ಎಷ್ಟೋ ಕಾಲವಾಗಿದೆ, ಅದಕ್ಕೆ ನೀರಿಟ್ಟಿರಾ ಅಂತ ಕೇಳುತ್ತಾರೆ. ಚೀಟಿ ಇಡುವ ಕೆಲಸ ಈ ಸಲ ಬೇರೆಯವರಿಗೆ ಕೊಡಿ ಅಂತ ನಾನು ಬಿಷಪ್‌ಗೆ ಹೇಳಬಹುದಿತ್ತು. ಅಪ್ಪನ ಮರ್ಯಾದೆ ಅಂತ ಸುಮ್ಮನಿದ್ದೆ.

ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿದೆ. ಅಪ್ಪ ಸರಿಯಾಗಿ ಇಟ್ಟಿದ್ದರೆ ಚೀಟಿ ಯಾರಿಗೆ ಸಿಗುತ್ತಿತ್ತು? ಅದಾದರೂ ದೇವರಿಗೆ ಗೊತ್ತಿದೆಯೇ?

ಎಲ್ಟಾ


ಎಲ್ಮ್ ಗ್ರೋವ್
೨೦ ನವೆಂಬರ್ ೧೯೯೭

ಪ್ರೀತಿಯ ಅಕ್ಕಾ,

ಅಪ್ಪನ ವಿಷಯ ಓದಿ ಮನಸ್ಸು ಕದಡಿತು. ಡಾಕ್ಟರಿಗೆ ತೋರಿಸು. ಕ್ರಿಸ್ಮಸ್ಸಿಗೆ ಬರಲು ನೋಡುತ್ತೇನೆ, ಪರೀಕ್ಷೆಗಳ ಗಲಾಟೆ ಮುಗಿದರೆ.

ನೀನು ಕೇಳಿದ್ದು ದೇವಶಾಸ್ತ್ರದ ಪಂಡಿತರು ನಾನೂರು ವರ್ಷದಿಂದ ಜಗಳಾಡುತ್ತಿರುವ ಪ್ರಶ್ನೆ. ಆಗದೆ ಹೋದದ್ದು ಆಗಿದ್ದರೆ ಏನಾಗುತ್ತಿತ್ತು ಎಂಬುದೂ ದೇವರಿಗೆ ಗೊತ್ತು ಎನ್ನುವ ಒಂದು ಪಂಗಡವೇ ಇದೆ. ನಾನು ಒಪ್ಪುವುದಿಲ್ಲ. ಆ ಏಳು ಮಂದಿಯ ಮುಂದೆ ಚೀಟಿಯಿದ್ದ ಪುಸ್ತಕ ಇರಲೇ ಇಲ್ಲ. ಅಂಥ ಒಂದು ಭಾನುವಾರ ಹುಟ್ಟಲೇ ಇಲ್ಲ. ಹುಟ್ಟದ ದಿನದ ಬಗ್ಗೆ ತಿಳಿಯುವುದಕ್ಕೆ ಏನಿದೆ? ದೇವರಿಗೂ ಗೊತ್ತಿಲ್ಲ, ಅಕ್ಕಾ. ಅದರಲ್ಲಿ ಒಂದು ಬಿಡುಗಡೆ ಇದೆ ಅಂತ ನನಗನ್ನಿಸುತ್ತದೆ. ಆ ಪ್ರಶ್ನೆಯನ್ನು ನೀನು ಕೆಳಗಿಡಬಹುದು.

ಇರ್ವಿನ್


ಮಿಲ್ ರಿಡ್ಜ್
೯ ಡಿಸೆಂಬರ್ ೧೯೯೭

ಇರ್ವಿನ್,

ವಾರಪತ್ರಿಕೆ ಬಂತು. ನಿನ್ನ ಪ್ರಾರ್ಥನಾ ಮಂದಿರದ ಭಾಷಣವನ್ನು ಇಡಿಯಾಗಿ ಹಾಕಿದ್ದಾರೆ. 'ಪೂರ್ವದ ಒಂದು ಸಭೆ', 'ಒಬ್ಬ ವೃದ್ಧ ಸಭಾಸೇವಕ'. ಹೆಸರು ಬಿಟ್ಟಿದ್ದೀ, ದೊಡ್ಡ ಉಪಕಾರ. ಮೆನೊನೈಟರಲ್ಲಿ ಈ ವರ್ಷ ಚೀಟಿ ಕಳೆದ ಸಭೆ ಎಷ್ಟಿವೆ ಅಂದುಕೊಂಡಿದ್ದೀಯಾ? ಅಪ್ಪನ ಮರೆವಿನ ಬಗ್ಗೆ ನೀನು ಆಡಿದ ಮಾತುಗಳು ಬಹಳ ಚೆನ್ನಾಗಿವೆ ಅಂತ ಗಿರಣಿಯಲ್ಲಿ ಜನ ಮಾತಾಡಿಕೊಂಡರಂತೆ.

ನಾನು ಪತ್ರಿಕೆ ಅಡಗಿಸಿದ್ದೆ. ಅಪ್ಪ ಹುಡುಕಿ ತೆಗೆದರು. ಕುದುರೆ ಮಾರಿದ್ದು ನೆನಪಿಲ್ಲ, ಪತ್ರಿಕೆ ಬರುವ ಮಂಗಳವಾರ ನೆನಪಿದೆ. ಓದಿ ಮಡಿಸಿಟ್ಟರು. ನಾನು ನಿನ್ನನ್ನು ಬೈಯಲು ಶುರು ಮಾಡಿದೆ, ಕೈಯೆತ್ತಿ ತಡೆದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಬೈಬೇಡ. ಅವನು ಹೇಳೋದ್ರಲ್ಲಿ ಅರ್ಥ ಇದೆ. ಆದ್ರೆ ಅವನ ದೇವರು ಗಟ್ಟಿಮುಟ್ಟಾಗಿರೋರಿಗೆ. ನಾನು ಈಗ ಹೋಗ್ತಿರೋ ಕಡೆ ನಂಗೇ ನಾನು ಗೊತ್ತಿರಲ್ಲ. ಅಲ್ಲಿ ಏನಿದೆ ಅಂತ ಮೊದ್ಲೇ ಗೊತ್ತಿರೋನು ಬೇಕು ನಂಗೆ. ನನ್ ಜೊತೆ ಅವನೂ ಕತ್ತಲಲ್ಲಿ ತಡಕಾಡ್ತಾ ಬರೋದಾದ್ರೆ, ಇಬ್ರೂ ಬೀಳ್ತೀವಿ."

ಇದನ್ನು ಯಾವ ಪತ್ರಿಕೆಗೂ ಕಳಿಸಬೇಡ.

ಎಲ್ಟಾ


ಎಲ್ಮ್ ಗ್ರೋವ್
೧೫ ಡಿಸೆಂಬರ್ ೧೯೯೭

ಅಕ್ಕಾ,

ಭಾಷಣವನ್ನು ಅವರು ಕೇಳಿ ತೆಗೆದುಕೊಂಡರು, ನಾನು ಕೊಟ್ಟೆ. ಕೊಡುವಾಗ ನಿನಗೆ ಬರೆಯಬೇಕು ಅನ್ನಿಸಿತ್ತು. ನೀನು ಬೇಡ ಅನ್ನುತ್ತೀಯೆಂದು ಗೊತ್ತಿದ್ದದ್ದರಿಂದಲೇ ಬರೆಯಲಿಲ್ಲ. ಅಪ್ಪನ ಮಾತಿಗೆ ತರಗತಿಯಲ್ಲಾದರೆ ಏನೋ ಹೇಳುತ್ತಿದ್ದೆ. ಅಪ್ಪನಿಗೆ ಬೇರೆ ಕಾಗದ ಬರೆದಿದ್ದೇನೆ, ಓದಿ ಹೇಳು, ಕ್ಷಮೆ ಕೇಳಿದ್ದೇನೆ ಅಂತ.

ಕ್ರಿಸ್ಮಸ್ಸಿಗೆ ಬರುವ ಮುಖ ನನಗಿಲ್ಲ. ಚೀಟಿ ಮತ್ತೆ ಯಾವಾಗ? ಕ್ಲೇರ್‌ಗೆ ಸಿಗದಿರಲಿ ಎಂದು ಪ್ರಾರ್ಥಿಸಲೇ? ನೀನು ಹೇಳಿದ್ದನ್ನು ಪ್ರಾರ್ಥಿಸುತ್ತೇನೆ.

ಇರ್ವಿನ್


ಮಿಲ್ ರಿಡ್ಜ್
೧೯ ಜನವರಿ ೧೯೯೮

ತಮ್ಮಾ,

ಮುಗಿಯಿತು. ನಿನ್ನೆ ಮತ್ತೆ ಏಳು ಪುಸ್ತಕ. ಚೀಟಿ ಇಡುವುದು ಅಪ್ಪನೇ ಅಂತ ಬಿಷಪ್ ಹಟ ಹಿಡಿದರು, ತಾವು ಪಕ್ಕದಲ್ಲೇ ನಿಂತರು. ಆ ಮನುಷ್ಯನ ಬಗ್ಗೆ ಇನ್ನು ಮುಂದೆ ನಾನು ಕೆಟ್ಟ ಮಾತಾಡುವುದಿಲ್ಲ. ಮೂರನೆಯ ಪುಸ್ತಕ ತೆರೆದಾಗಲೇ ಚೀಟಿ ಸಿಕ್ಕಿತು, ಹಾರ್ಲನ್‌ನದು. ನಗಿಸುವವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ವರ್ನಾ ಕಲ್ಲಿನಂತೆ ಕೂತಿದ್ದಳು. ಕ್ಲೇರ್‌ನ ಪುಸ್ತಕ ತೆರೆಯಲೇ ಇಲ್ಲ.

ಇಲ್ಲಿ ಎಲ್ಲ ಆರಾಮ. ಎರಡು ಹಸು ಕರು ಹಾಕಿವೆ. ಹಿಮ ಜಾಸ್ತಿ.

ಎಲ್ಟಾ


ಎಲ್ಮ್ ಗ್ರೋವ್
೨೬ ಜನವರಿ ೧೯೯೮

ಅಕ್ಕಾ,

ಅಬ್ಬಾ! ನಿಜ ಹೇಳುತ್ತೇನೆ, ಅವತ್ತು ಬೆಳಿಗ್ಗೆಯಿಂದ ಗಡಿಯಾರ ನೋಡುತ್ತಿದ್ದೆ. ಇನ್ನು ಕ್ಲೇರ್ ನೆಮ್ಮದಿಯಾಗಿ ಉಣ್ಣಲಿ, ಹಸುಗಳ ಹತ್ತಿರ ಗೊಣಗುವುದನ್ನು ಬಿಡಲಿ. ಒಂದು ದೊಡ್ಡ ಪೈ ಮಾಡಿ ಹಬ್ಬ ಮಾಡಿ. ನನ್ನ ಪಾಲನ್ನು ಅಪ್ಪನಿಗೆ ಕೊಡು.

ಇರ್ವಿನ್


ಮಿಲ್ ರಿಡ್ಜ್
೧೬ ಫೆಬ್ರವರಿ ೧೯೯೮

ಇರ್ವಿನ್,

ಪೈ ಮಾಡಲಿಲ್ಲ. ನೀನೂ ನಾನೂ ಇಬ್ಬರೂ ಕುರುಡರು.

ನಿನ್ನೆ ಹಾರ್ಲನ್‌ನ ಮೊದಲ ಪ್ರಸಂಗ. ಎದ್ದು ನಿಂತ, ವಚನ ಓದಿದ, ಆಮೇಲೆ ಮಾತೇ ಹೊರಡಲಿಲ್ಲ. ಕ್ಷಮಿಸಿ ಅಂತ ಹೇಳಿ ಕೂತುಬಿಟ್ಟ. ಮನೆಗೆ ಬಂದೆವು. ಸಂಜೆ ಕರುಗಳಿಗೆ ಕುಡಿಸುವ ಹಾಲಿನ ಬಕೆಟ್ ಹಿಡಿದು ಕೊಟ್ಟಿಗೆಗೆ ಹೋದರೆ ಒಳಗೆ ಕ್ಲೇರ್ ಮಾತಾಡುತ್ತಿದ್ದ. ಬಾಗಿಲ ಹಿಂದೆ ನಿಂತೆ. ಹಾರ್ಲನ್ ಓದಿದ ಅದೇ ವಚನದ ಮೇಲೆ ಪ್ರಸಂಗ, ಮೊದಲಿನಿಂದ ಕೊನೆಯವರೆಗೆ. ಒಂದು ಕಡೆಯೂ ತಡವರಿಸಲಿಲ್ಲ. ಊಟದ ಪ್ರಾರ್ಥನೆಗೂ ತಡವರಿಸುವ ನನ್ನ ಗಂಡ ಇವನೇನಾ ಅನ್ನಿಸಿತು. ಹೆದರಿ ಗೊಣಗುತ್ತಿದ್ದಾನೆ ಅಂತ ನಾನು ನಿನಗೆ ಬರೆದಿದ್ದೆನಲ್ಲ, ಅವನು ಅಭ್ಯಾಸ ಮಾಡುತ್ತಿದ್ದ.

ಒಳಗೆ ಹೋಗಿ, ನಿನಗದು ಬೇಕಿತ್ತಾ ಅಂತ ಕೇಳಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ. ಹಸುವಿನ ಬೆನ್ನಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದ, "ದೀಕ್ಷಾಸ್ನಾನ ಆದಾಗಿಂದ ಬೇಕಿತ್ತು. ಯಾರ ಹತ್ರ ಹೇಳೋದು? ಅಕ್ಟೋಬರ್‌ನಲ್ಲಿ ಆರನೇ ಪುಸ್ತಕ ಮುಚ್ಚಿದ್ರಲ್ಲ, ನಂದೇ ಅಂದ್ಕೊಂಡೆ. ಏಳನೇದು ತೆಗೆಯೋ ತನಕ ನಾನು ಪ್ರಸಂಗಿ ಆಗಿದ್ದೆ, ಎಲ್ಟಾ."

ಈಗ ನಿನಗೆ ಹೇಳದೆ ಇಟ್ಟುಕೊಂಡ ಇನ್ನೊಂದು. ಸೆಪ್ಟೆಂಬರಿನಿಂದ ಪ್ರತಿದಿನ, ಹಾಲಿನ ಕ್ಯಾನು ತೊಳೆಯುವಾಗ, ನಾನು ಅದು ಬೇಡ ಅಂತ ಬೇಡಿಕೊಂಡಿದ್ದೇನೆ. ಅಮ್ಮನ ಬಾಳು ನೀನೂ ನೋಡಿದ್ದೀ. ಅಪ್ಪ ಚರ್ಚಿನ ಕೆಲಸ ಅಂತ ಊರಿನವರೆಲ್ಲರ ಸಾವಿನ ಹಾಸಿಗೆಯ ಪಕ್ಕ ಕೂತರು. ಅಮ್ಮ ಸಾಯುವಾಗ ಯಾವುದೋ ಮನೆಯ ಬೇಲಿ ಜಗಳ ಬಿಡಿಸುತ್ತಿದ್ದರು. ಅಂಥ ಬಾಳು ನನಗೆ ಬೇಡವಾಗಿತ್ತು. ಬೇರೆ ಯಾರಿಗಾದರೂ ಕೊಡು ಅಂದೆ. ಡಿಸೆಂಬರಿನಲ್ಲಿ ನಾಚಿಕೆ ಬಿಟ್ಟು, ಹಾರ್ಲನ್‌ಗೆ ಕೊಡು ಅಂತ ಹೆಸರು ಹಿಡಿದೇ ಕೇಳಿದೆ. ಹಾರ್ಲನ್‌ಗೆ ಕೊಟ್ಟ.

ಅಪ್ಪನ ದೇವರಾದರೆ ಎಲ್ಲ ಮೊದಲೇ ಗೊತ್ತಿತ್ತು, ನಾನು ಬೇಡಿದರೂ ಬಿಟ್ಟರೂ ಆಗುವುದು ಆಗುತ್ತಿತ್ತು. ನಿನ್ನ ದೇವರಾದರೆ ಅವನು ನನ್ನ ಮಾತಿಗೆ ಕಿವಿಗೊಟ್ಟ. ನನ್ನ ಗಂಡನ ಕೈಯಿಂದ ಅದನ್ನು ಕಿತ್ತುಕೊಂಡವಳು ನಾನೇ. ಹಾರ್ಲನ್‌ನ ಬಾಯಿ ಕಟ್ಟಿದವಳೂ ನಾನೇ. ಕ್ಲೇರ್‌ಗೆ ಇನ್ನೂ ಹೇಳಿಲ್ಲ.

ನೀನು ಬರೆದದ್ದು ತಪ್ಪು ಅಂತ ಒಂದು ಸಾಲು ಬರೆದು ಕಳಿಸು. ಮುಚ್ಚಿಟ್ಟುಕೊಳ್ಳುತ್ತೇನೆ, ಯಾರಿಗೂ ತೋರಿಸುವುದಿಲ್ಲ.

ಎಲ್ಟಾ


ಎಲ್ಮ್ ಗ್ರೋವ್
೨೪ ಫೆಬ್ರವರಿ ೧೯೯೮

ಪ್ರೀತಿಯ ಅಕ್ಕಾ,

ನೀನು ಕೇಳಿದ ಸಾಲನ್ನು ಬರೆದೆ. ಲಕೋಟೆಗೂ ಹಾಕಿದೆ. ಅಂಚೆಪೆಟ್ಟಿಗೆಯವರೆಗೆ ಹೋಗಿ ವಾಪಸು ಬಂದು ಹರಿದೆ. ನಿನ್ನ ಸಮಾಧಾನಕ್ಕೆ ಒಂದು ಸುಳ್ಳು ಹೇಳಬಹುದಿತ್ತು. ಆದರೆ ನೀನು ಅದನ್ನು ಓದುವಾಗಲೇ ಸುಳ್ಳು ಅಂತ ಹಿಡಿಯುತ್ತಿದ್ದೆ. ನನ್ನ ವಿಷಯದಲ್ಲಿ ನೀನು ಸರ್ವಜ್ಞೆ ಅಲ್ಲವೇ.

ಅವನು ಕೇಳಿಸಿಕೊಳ್ಳುತ್ತಾನೆ ಎಂದೇ ಈಗಲೂ ನಂಬುತ್ತೇನೆ. ನಿನ್ನ ಬೇಡಿಕೆ ಗಾಳಿಗೆ ಹೋಯಿತು ಅಂತ ನಾನು ಹೇಳಿದರೆ, ನೀನು ನಾಳೆಯಿಂದ ಕ್ಯಾನು ತೊಳೆಯುವಾಗ ಯಾರೊಡನೆ ಮಾತಾಡುತ್ತೀ? ಆದರೆ ಕೇಳಿಸಿಕೊಳ್ಳುವುದು ಬೇರೆ, ಹೇಳಿದಂತೆ ಮಾಡುವುದು ಬೇರೆ. ಕ್ಲೇರ್‌ನನ್ನು ಅವನು ಯಾಕೆ ಬಿಟ್ಟನೋ, ಹಾರ್ಲನ್‌ನನ್ನು ಯಾಕೆ ಕರೆದನೋ, ಅದರಲ್ಲಿ ನಿನ್ನ ಪಾಲು ಎಷ್ಟೋ, ನನಗೆ ಗೊತ್ತಿಲ್ಲ. ದೇವರಿಗೆ ಏನು ಗೊತ್ತಿಲ್ಲ ಎಂದು ಬರೆದೇ ಹೆಸರು ಮಾಡಿದೆ. ನನಗೆ ಏನು ಗೊತ್ತಿಲ್ಲ ಎಂಬುದನ್ನು ಎಲ್ಲೂ ಬರೆದವನಲ್ಲ.

ಕ್ಲೇರ್‌ಗೆ ಹೇಳು. ಈ ಇಡೀ ವಿಷಯದಲ್ಲಿ ಇನ್ನೂ ಆಗದೆ ಉಳಿದಿರುವುದು ಅದೊಂದೇ. ಹೇಳಿದರೆ ಅವನು ಏನು ಮಾಡುತ್ತಾನೆ ಅಂತ ನನಗೆ ಗೊತ್ತಿಲ್ಲ, ಹೆದರಿಕೆಯಾಗುತ್ತಿದೆ. ಈಸ್ಟರಿಗೆ ಬರುತ್ತೇನೆ, ನೀವು ಬಾಗಿಲು ತೆರೆಯುವುದಾದರೆ.

ನಿನ್ನ ತಮ್ಮ,
ಇರ್ವಿನ್


ಮಿಲ್ ರಿಡ್ಜ್
೯ ಮಾರ್ಚ್ ೧೯೯೮

ಪ್ರೀತಿಯ ಇರ್ವಿನ್,

ಹೇಳಿದೆ.

ಹೋದ ಸೋಮವಾರ, ತಿಂಡಿ ಮುಗಿದ ಮೇಲೆ. ಹಾರ್ಲನ್‌ನ ಹೆಸರು ಹಿಡಿದು ಕೇಳಿದ್ದನ್ನೂ ಬಿಡಲಿಲ್ಲ. ಕ್ಲೇರ್ ಕಾಫಿಯ ಲೋಟ ಕೆಳಗಿಟ್ಟು ಹೊರಗೆ ಹೋದ. ವಾರವಿಡೀ ನನ್ನ ಜೊತೆ ಮಾತಿಲ್ಲ. ಉಪ್ಪು ಬೇಕಾದರೆ ಎದ್ದು ಹೋಗಿ ತಂದುಕೊಳ್ಳುತ್ತಿದ್ದ. ಕೊಟ್ಟಿಗೆಯಲ್ಲೂ ದನಿಯಿಲ್ಲ, ಅದನ್ನು ತಾಳಲಾರದೆ ನಾನು ಅತ್ತೆ. ಗಂಡನ ಗೊಣಗಾಟಕ್ಕೆ ಹಾತೊರೆಯುವ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಅಪ್ಪ ಒಮ್ಮೆ ನಮ್ಮಿಬ್ಬರನ್ನೂ ನೋಡಿ, ಈ ಮನೆಯಲ್ಲಿ ಯಾರು ಸತ್ತರು ಅಂತ ಕೇಳಿದರು.

ನಿನ್ನೆ ಹಾರ್ಲನ್‌ನ ಎರಡನೆಯ ಪ್ರಸಂಗ. ಚೆನ್ನಾಗಿತ್ತು ಅಂತ ಹೇಳಲಾರೆ, ಕೊನೆ ಮುಟ್ಟಿಸಿದ. ಶನಿವಾರ ಅವನು ಹಿಟ್ಟಿನ ಚೀಲ ತಂದವನು ಕ್ಲೇರ್ ಜೊತೆ ಬಹಳ ಹೊತ್ತು ಕೊಟ್ಟಿಗೆಯಲ್ಲಿದ್ದ. ಏನು ಮಾತಾಡಿದರೋ ನನಗೆ ಹೇಳಿಲ್ಲ, ನಾನೂ ಊಹಿಸುವುದಿಲ್ಲ. ನನ್ನ ಊಹೆಗಳ ಮೇಲೆ ಈಗ ನನಗೆ ನಂಬಿಕೆಯಿಲ್ಲ.

ಚರ್ಚಿನಿಂದ ಬಂದು ನಾನು ಪಾತ್ರೆ ತೊಳೆಯುತ್ತಿದ್ದೆ. ಕ್ಲೇರ್ ಬಂದು ಪಕ್ಕದಲ್ಲಿ ನಿಂತು, ಬಟ್ಟೆ ತೆಗೆದುಕೊಂಡು ತಟ್ಟೆ ಒರೆಸತೊಡಗಿದ. ಎರಡು ಮೂರು ತಟ್ಟೆ ಒರೆಸಿ ಹೇಳಿದ, "ಒಂದೇ ಮನೇಲಿ ಕೂತು ನಾನು ಕೊಡು ಅಂತ ಕೇಳ್ತಿದ್ದೆ, ನೀನು ಕೊಡ್ಬೇಡ ಅಂತ ಕೇಳ್ತಿದ್ದೆ. ಪಾಪ, ಅವನಾದ್ರೂ ಏನ್ ಮಾಡ್ತಾನೆ?"

ನನ್ನನ್ನು ಕ್ಷಮಿಸಿದೆಯಾ ಅಂತ ಕೇಳಿದೆ. ಇನ್ನೂ ಇಲ್ಲ ಅಂದ. ಇನ್ನೊಂದು ತಟ್ಟೆ ತೆಗೆದುಕೊಂಡ.

"ಇನ್ಮೇಲೆ ಏನಾದ್ರೂ ಬೇಕಾದ್ರೆ," ಅಂದ, "ಅವನನ್ನ ಕೇಳೋಕೆ ಮುಂಚೆ ನನ್ನನ್ನ ಕೇಳು."

ಎಲ್ಟಾ